ಬಾಣಂತನಕ್ಕೆ ಹೋಗಿ ಪ್ಲೇಟು ತಂದೆ

ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೋದ ತಾಯಂದಿರು ಬರುವಾಗ ಏನು ತರುತ್ತಾರೆಂದು ನಿಮಗೆ ಗೊತ್ತೇ ಇದೆ. ಚಾಕಲೇಟು, ಸೆಂಟು, ಒಂದೆರಡು ಬಾಣಲೆ, ಅಕ್ಕಪಕ್ಕದವರಿಗೆ ಕೈಗೆ ಹಚ್ಚುವ ಕ್ರೀಮು. ನಾನು ತಂದದ್ದು ಒಂದು ಹಳೇ ಗ್ರಾಮಫೋನ್ ಪ್ಲೇಟು. ಎರಡು ರೇಷ್ಮೆ ಸೀರೆಗಳ ನಡುವೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ ತಂದೆ. "ಹಾಕಕ್ಕೆ ಮನೇಲಿ ಮಿಷನ್ನೇ ಇಲ್ವಲ್ಲೇ!" ಎಂದರು ನಮ್ಮವರು. ಇರಲಿಲ್ಲ, ನಿಜ. ಆ ವಿಷಯ ಆಮೇಲೆ ಹೇಳುತ್ತೇನೆ.

2018ರ ಅಕ್ಟೋಬರಿನಲ್ಲಿ ತರೀಕೆರೆಯಿಂದ ಇಂಗ್ಲೆಂಡಿನ ಲೆಸ್ಟರಿಗೆ ಹೋದೆ. ಅಲ್ಲಿ ಮೆಂತ್ಯದ ಸೊಪ್ಪಿನಿಂದ ಹಿಡಿದು ತೊಂಡೆಕಾಯಿವರೆಗೆ ಎಲ್ಲ ಸಿಗುತ್ತದೆ, ಅದರ ಚಿಂತೆ ಇಲ್ಲ. ಆದರೆ ಸಾಂಬ್ರಾಣಿ ಹಾಕಿದ ಮೊದಲ ದಿನವೇ ಸೂರಿಗೆ ಅಂಟಿಸಿದ ಹೊಗೆಗಂಟೆ ಕಿರ್ರೋ ಎಂದು ಕೂಗಿ, ಎಣ್ಣೆ ಹಚ್ಚಿಕೊಂಡು ಕೂತಿದ್ದ ಬಾಣಂತಿ ಬೆಚ್ಚಿಬಿದ್ದಳು. ಅಂದಿನಿಂದ ಸಾಂಬ್ರಾಣಿಗೆ ನಮಸ್ಕಾರ. ಮಗುವಿಗೆ ನೀರು ಹಾಕಿ, ಹಳೇ ಪಂಚೆಯಲ್ಲಿ ಸುತ್ತಿ, ಬಾಣಂತಿಗೆ ಊಟ ಬಡಿಸಿ, ಅಂಟಿನುಂಡೆ ಡಬ್ಬಿ ತುಂಬಿಸಿದ ಮೇಲೆ ಮಧ್ಯಾಹ್ನ ಪೂರ್ತಿ ನನ್ನದೇ. ಮಾತಾಡಲು ಜನ ಇಲ್ಲ. ನಾಲ್ಕು ಗಂಟೆಗೇ ಕತ್ತಲೆ.

ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಒಂದು ಸುತ್ತು ಹೋಗಿಬರುತ್ತಿದ್ದೆ. ದಾರಿಯಲ್ಲಿ ಒಂದು ಧರ್ಮಾರ್ಥದ ಅಂಗಡಿ. ಜನ ತಮಗೆ ಬೇಡವಾದ ಬಟ್ಟೆಬರೆ, ಪಾತ್ರೆ, ಪುಸ್ತಕ ತಂದು ಕೊಡುತ್ತಾರೆ. ಮಾರಿ ಬಂದ ದುಡ್ಡು ಒಳ್ಳೆಯ ಕೆಲಸಕ್ಕೆ. ಅಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಪ್ಲೇಟುಗಳು. ಸುಮ್ಮನೆ ತಿರುವುತ್ತಿದ್ದವಳ ಕಣ್ಣಿಗೆ ಬಿದ್ದದ್ದು 'ಷೆಹರಜಾದೆ' ಎನ್ನುವ ಹೆಸರು. ಅಯ್ಯೋ, ಇವಳು ನಮ್ಮ ಅರೇಬಿಯನ್ ನೈಟ್ಸಿನ ಹೆಣ್ಣಲ್ಲವೇ! ದಿನಕ್ಕೊಬ್ಬಳನ್ನು ಮದುವೆಯಾಗಿ ಬೆಳಗಾದರೆ ಕೊಲ್ಲಿಸುವ ಸುಲ್ತಾನನಿಗೆ ರಾತ್ರಿಯೆಲ್ಲ ಕಥೆ ಹೇಳಿ ತಲೆ ಉಳಿಸಿಕೊಂಡವಳು. ಎರಡು ಪೌಂಡು ಕೊಟ್ಟು ತಂದೆ. ಅಳಿಯಂದಿರು ಆಗಷ್ಟೇ ಶೋಕಿಗೆ ಪ್ಲೇಟು ಹಾಕುವ ಮಿಷನ್ ಕೊಂಡಿದ್ದರು.

ಹಾಡಿದವರ ತಂಡದ ಹೆಸರು ರೆನೆಸಾನ್ಸ್. ಪ್ಲೇಟು ಬಂದದ್ದು 1975ರಲ್ಲಿ. ಎರಡನೆಯ ಮಗ್ಗುಲು ಪೂರ್ತಿ ಒಂದೇ ಹಾಡು, 24 ನಿಮಿಷಕ್ಕೂ ಹೆಚ್ಚು! ಲಂಡನ್ ಸಿಂಫನಿ ಆರ್ಕೆಸ್ಟ್ರಾದವರ ಪಿಟೀಲು, ಕಹಳೆ ಎಲ್ಲ ಜೊತೆಗೆ. ಸುಲ್ತಾನ ಬರುತ್ತಾನೆ, ಪ್ರೀತಿ ಹುಟ್ಟುತ್ತದೆ, ಹಬ್ಬದ ತಯಾರಿ ನಡೆಯುತ್ತದೆ. ಮಾತು ತಿಳಿಯದಿದ್ದರೂ ಕಥೆ ನಡೆಯುವುದು ಕಿವಿಗೆ ಗೊತ್ತಾಗುತ್ತದೆ. ಹಾಡುವವಳು ಆನಿ ಹಾಸ್ಲಂ. ಒಪೆರಾ ಗಾಯಕಿಯೊಬ್ಬರ ಬಳಿ ಕಲಿತ ಗಂಟಲು. ಮೇಲಿನ ಸ್ವರಕ್ಕೆ ಹೋದರೂ ಕಿರುಚಿದ ಹಾಗಿಲ್ಲ. ನೀರಿನ ಮೇಲೆ ದೀಪ ಬಿಟ್ಟ ಹಾಗೆ. ಹಾಡು ಮುಗಿಯುವ ಮೊದಲೇ ಮಗು ನಿದ್ದೆ ಹೋಗಿತ್ತು. ನಾನು ಬಟ್ಟೆ ಮಡಿಸುವುದನ್ನು ಬಿಟ್ಟು ಕೂತಿದ್ದೆ.

"ರಾಕ್ ಅಂದ್ರೆ ಬರೀ ಗದ್ದಲ ಅಂದ್ಕೊಂಡಿದ್ರಾ ಅತ್ತೆ?" ಎಂದು ಅಳಿಯಂದಿರು ನಕ್ಕರು. ಹಾಗೇ ಅಂದುಕೊಂಡಿದ್ದೆ, ಸುಳ್ಳೇಕೆ. ಅವರು ಹೇಳಿದ್ದು ಇಷ್ಟು: 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹುಡುಗರಿಗೆ ಮೂರು ನಿಮಿಷದ ಕುಣಿತದ ಹಾಡು ಸಾಲದಾಯಿತಂತೆ. ಕೆಲವರು ತಮ್ಮ ದೇಶದ ಶಾಸ್ತ್ರೀಯ ಸಂಗೀತವನ್ನೂ ಕೆಲವರು ಹಳ್ಳಿಯ ಜನಪದ ಹಾಡನ್ನೂ ರಾಕ್ ಜೊತೆ ಸೇರಿಸಿದರು. ಪ್ರೊಗ್ರೆಸಿವ್ ರಾಕ್ ಎಂದು ಹೆಸರು. ಪೂರ್ತಿ ವಾದ್ಯವೃಂದ ಕರೆಸಲು ದುಡ್ಡಿಲ್ಲದವರಿಗೆ ಮೆಲೊಟ್ರಾನ್ ಎಂಬ ಪೆಟ್ಟಿಗೆ ಇತ್ತು. ನೋಡಲು ಹಾರ್ಮೋನಿಯಂ ತರಹ ಮನೆ. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ತುಂಡು, ಅದರಲ್ಲಿ ಪಿಟೀಲೋ ಕೊಳಲೋ ಮೊದಲೇ ತುಂಬಿಸಿಟ್ಟದ್ದು. ಒತ್ತಿದರೆ ಸುಮಾರು 8 ಸೆಕೆಂಡು ನುಡಿಯುತ್ತದೆ, ಅಷ್ಟರಲ್ಲಿ ಬೆರಳು ಎತ್ತಬೇಕು. ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ ನಮಗೆ ಅದರ ಕಷ್ಟ ಹೇಳಬೇಕೆ!

ಆನಿಯ ತಂಡ ಅಮೆರಿಕದಲ್ಲಿ ಹೆಸರಾಯಿತು, 1975ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲೂ ಹಾಡಿತು. ತಮ್ಮ ದೇಶದಲ್ಲಿ ದೊಡ್ಡದಾಗಿ ಗೆದ್ದದ್ದು ಒಂದೇ ಚಿಕ್ಕ ಹಾಡು, 'ನಾರ್ದರ್ನ್ ಲೈಟ್ಸ್'. 1978ರಲ್ಲಿ ಹತ್ತನೆಯ ಸ್ಥಾನ. ಅಷ್ಟು ಹೊತ್ತಿಗೆ ಪಂಕ್ ಎಂಬ ಹೊಸ ಹುಚ್ಚು ಬಂದು ಉದ್ದದ ಹಾಡುಗಳೆಲ್ಲ ಹಳೇ ಸೀರೆ ಅಂಚಿನ ಹಾಗಾದವು. ಆ ಪ್ಲೇಟಿನಲ್ಲಿ ತಪ್ಪೇ ಇಲ್ಲ ಎನ್ನಲಾರೆ. ಕೆಲವು ಕಡೆ ವಾದ್ಯ ಅತಿಯಾಗಿ, ಒಗ್ಗರಣೆ ಹೆಚ್ಚಾದ ಸಾರಿನ ಹಾಗೆ, ಮೂಲದ ರುಚಿಯೇ ಮುಚ್ಚಿಹೋಗುತ್ತದೆ.

ನನಗೆ ಹಾಡಿಗಿಂತ ಹೆಚ್ಚು ಹಿಡಿಸಿದ್ದು ಬರೆದಾಕೆಯ ವಿಷಯ. ಈ ತಂಡದ ಬಹಳಷ್ಟು ಹಾಡುಗಳ ಸಾಹಿತ್ಯ ಬೆಟ್ಟಿ ಥ್ಯಾಚರ್ ಎಂಬ ಹೆಂಗಸಿನದು. ಆಕೆ ಇದ್ದದ್ದು ಕಾರ್ನ್‌ವಾಲ್ ಎಂಬ ಕಡಲ ಸೀಮೆಯಲ್ಲಿ. ಸಂಗೀತ ಕಟ್ಟುವ ಮೈಕೆಲ್ ಡನ್‌ಫರ್ಡ್ ರಾಗ ಕಳಿಸುತ್ತಿದ್ದ, ಈಕೆ ಸಾಹಿತ್ಯ ಬರೆದು ಅಂಚೆಗೆ ಹಾಕುತ್ತಿದ್ದಳು. ವೇದಿಕೆ ಹತ್ತಿದವಳಲ್ಲ. 2011ರಲ್ಲಿ ತೀರಿಕೊಂಡಳು. ಮನೆಯಲ್ಲಿ ಕೂತು ಬರೆದು ಲಕೋಟೆಗೆ ಅಂಟು ಹಚ್ಚುವ ಕೈಯನ್ನು ನೆನೆದರೆ ಯಾಕೋ ಆಕೆ ನಮ್ಮವಳೇ ಅನ್ನಿಸಿತು.

ಆಮೇಲೆ ಅಳಿಯಂದಿರೇ ಒಂದು ಸಿ.ಡಿ. ತರಿಸಿದರು. ಮೆಲೋ ಕ್ಯಾಂಡಲ್ ಎಂಬ ಐರ್ಲೆಂಡಿನ ತಂಡ, 1972ರ 'ಸ್ವ್ಯಾಡ್ಲಿಂಗ್ ಸಾಂಗ್ಸ್'. ಹೆಸರಿನ ಅರ್ಥ ಕೇಳಿದರೆ ನಗುತ್ತೀರಿ: ಎಳೆಗೂಸನ್ನು ಬಟ್ಟೆಯಲ್ಲಿ ಸುತ್ತುವಾಗಿನ ಹಾಡುಗಳು! ನಾನು ದಿನಾ ಪಂಚೆ ಹಿಡಿದು ಮಾಡುತ್ತಿದ್ದ ಕೆಲಸವೇ. ಡಬ್ಲಿನ್ನಿನ ಕಾನ್ವೆಂಟಿನಲ್ಲಿ ಜೊತೆಗೆ ಓದಿದ ಇಬ್ಬರು ಹುಡುಗಿಯರು, ಕ್ಲೋಡಾ ಮತ್ತು ಆಲಿಸನ್, ಜಡೆ ಹೆಣೆದ ಹಾಗೆ ದನಿ ಹೆಣೆದು ಹಾಡುತ್ತಾರೆ. ಆಗ ಕೊಳ್ಳುವವರಿಲ್ಲದೆ ತಂಡ ಒಡೆಯಿತು. ಈಗ ಆ ಮೊದಲ ಅಚ್ಚಿನ ಪ್ಲೇಟು ಸಿಕ್ಕರೆ ಚಿನ್ನದ ಬೆಲೆಯಂತೆ.

ಇನ್ನು ನನ್ನ ವಿಷಯ. ಮದುವೆಗೆ ಮುಂಚೆ ನಾನು ಆರು ವರ್ಷ ಸಂಗೀತ ಕಲಿತಿದ್ದೆ, ಜೂನಿಯರ್ ಪಾಸು ಮಾಡಿದ್ದೆ. 1984ರಲ್ಲಿ ಮದುವೆ, ತುಂಬಿದ ಮನೆ. ಶ್ರುತಿಪೆಟ್ಟಿಗೆ ಜೊತೆಗೇ ಬಂದಿತ್ತು, ಅಟ್ಟ ಸೇರಿತು. ಯಾರೂ ಹಾಡಬೇಡ ಅನ್ನಲಿಲ್ಲ. ಯಾರೂ ಹಾಡು ಅನ್ನಲೂ ಇಲ್ಲ. ಒಮ್ಮೆ ಅಟ್ಟ ಗುಡಿಸುವಾಗ ನೋಡಿದರೆ ಅದರ ತಿದಿ ಇಲಿ ಕಡಿದಿತ್ತು, ಗುಜರಿಗೆ ಹಾಕಿದೆ. ಅಳಲೂ ಇಲ್ಲ ಕಣ್ರೀ, ಒಲೆ ಮೇಲೆ ಹಾಲಿತ್ತು.

ಡಿಸೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ಮಗು ಹಟ ಹಿಡಿಯಿತು. ಮಗಳಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಆ ಹೊತ್ತಿನಲ್ಲಿ ಪ್ಲೇಟು ಹಾಕುವ ಹಾಗಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಆನಿಯ ಆ ಉದ್ದದ ಹಾಡನ್ನೇ ಗುನುಗತೊಡಗಿದೆ. ಮಧ್ಯೆ ಎಲ್ಲೋ ಅದು ಕೈತಪ್ಪಿತು. ನೋಡಿದರೆ ನಾನು ನೀಲಾಂಬರಿಯಲ್ಲಿದ್ದೆ. ಮೂವತ್ತನಾಲ್ಕು ವರ್ಷದ ಮೇಲೆ. ಗಂಟಲು ನಡುಗುತ್ತಿತ್ತು, ಆದರೆ ಸ್ವರ ಇತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು.

"ಅಮ್ಮಾ, ನಿನಗೆ ಹಾಡಕ್ಕೆ ಬರತ್ತಾ?"

"ಬರ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಬಾಣಂತಿ, ಹಸಿ ಮೈ. ಎರಡು ದಿನ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡು ಏಳುತ್ತಿದ್ದಳು. ನನಗೂ ಹಟ.

ಮೂರನೆಯ ದಿನ ಅವಳೇ ಒಂದು ಸಿ.ಡಿ. ತಂದು ನನ್ನ ಮುಂದಿಟ್ಟಳು. ವಾಷ್ಟಿ ಬನ್ಯನ್ ಎಂಬಾಕೆಯ 'ಜಸ್ಟ್ ಅನದರ್ ಡೈಮಂಡ್ ಡೇ', 1970ರದ್ದು. ಇದರಲ್ಲಿ ಆರ್ಭಟ ಇಲ್ಲ. ಗಿಟಾರು, ಪಿಟೀಲು, ಪಿಸುಮಾತಿನಂಥ ದನಿ. "ಇದು ಆ ಜಾತಿಗೆ ಸೇರಲ್ಲ, ಬರೀ ಜನಪದದ್ದು" ಎಂದು ಅಳಿಯಂದಿರು ತಕರಾರು ತೆಗೆದರು. ನಾನು ಮಾತ್ರ ಅದೇ ಸಾಲಿನಲ್ಲಿಟ್ಟೆ. ಈಕೆ 1968ರಲ್ಲಿ ಕುದುರೆಗಾಡಿ ಕಟ್ಟಿಕೊಂಡು ಲಂಡನ್ನಿನಿಂದ ಸ್ಕಾಟ್‌ಲೆಂಡಿನ ದ್ವೀಪಗಳಿಗೆ ಹೊರಟಳು. ಒಂದು ವರ್ಷದ ಮೇಲೆ ಹಿಡಿಯಿತು. ದಾರಿಯಲ್ಲಿ ಕಟ್ಟಿದ ಹಾಡುಗಳೇ ಇವು. ಪ್ಲೇಟು ಮಾರಾಟವಾಗಲಿಲ್ಲ. ಸಂಗೀತ ಬಿಟ್ಟು ಹಳ್ಳಿಯಲ್ಲಿ ದನಕರು, ಮಕ್ಕಳು ಎಂದು ಉಳಿದುಬಿಟ್ಟಳು. 2000ದಲ್ಲಿ ಅದನ್ನು ಮತ್ತೆ ಹೊರತಂದಾಗ ಹೊಸಬರು ಮುಗಿಬಿದ್ದು ಕೇಳಿದರು. ಎರಡನೆಯ ಆಲ್ಬಂ ಬಂದದ್ದು 2005ರಲ್ಲಿ, ಮೂವತ್ತೈದು ವರ್ಷದ ಮೇಲೆ.

"ಈಗ ಕೇಳ್ತಿದೀನಿ, ಹಾಡು" ಎಂದಳು ಮಗಳು. ಮುಖ ಇನ್ನೂ ಊದಿಕೊಂಡೇ ಇತ್ತು.

ಹಾಡಿದೆ. ಮಧ್ಯದಲ್ಲಿ ಎರಡು ಸಾಲು ಮರೆತು ಲಲಲ ಎಂದೆ.

ಅಂದಹಾಗೆ, ನಿಮ್ಮ ಅಟ್ಟದಲ್ಲೂ ಹಿರಿಯರ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ಬಗ್ಗಿಹೋಗುತ್ತವೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಬಿಸಿಲಿಗೆ ಮಾತ್ರ ಇಡಲೇಬೇಡಿ, ಹಪ್ಪಳ ಆಗುತ್ತದೆ.

ಮಿಷನ್ ಕಥೆ ಬಾಕಿ ಇದೆ. ಊರಿಗೆ ಬಂದು ಆರು ತಿಂಗಳ ಮೇಲೆ ನಮ್ಮವರೇ ಶಿವಮೊಗ್ಗದಲ್ಲಿ ರೇಡಿಯೋ ರಿಪೇರಿಯವನ ಬಳಿ ಒಂದು ಹಳೇ ಪ್ಲೇಯರು ಹುಡುಕಿ ತಂದರು. ರಬ್ಬರ್ ಬೆಲ್ಟು ಸಡಿಲವಾಗಿ ಅದು ನಿಧಾನ ತಿರುಗಿ, ಆನಿ ಹಾಸ್ಲಂ ಗಂಡಸಿನ ದನಿಯಲ್ಲಿ ಹಾಡಿದಳು. "ಇದಕ್ಕೇನಾ ಇಷ್ಟೊಂದು?" ಎಂದರು. ಬೆಲ್ಟು ಬದಲಾಯಿಸಿದ ಮೇಲೆ ಸುಮ್ಮನೆ ಪೂರ್ತಿ ಮಗ್ಗುಲು ಕೇಳಿದರು, ಏನೂ ಅನ್ನಲಿಲ್ಲ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಭಾನುವಾರ ಫೋನು ಮಾಡಿದಾಗ "ಅಜ್ಜಿ, ಉದ್ದದ ಹಾಡು" ಎನ್ನುತ್ತಾಳೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಮ್ಮವರು ಎದ್ದು ಹೋಗಿ ಟಿ.ವಿ. ಆರಿಸಿ ಬರುತ್ತಾರೆ.