ಬಿಳೇಕಹಳ್ಳಿಯಲ್ಲಿ ವಿಧಿ–ನಿಷೇಧ

ಬೆಂಗಳೂರಿನಿಂದ ಬನ್ನೇರುಘಟ್ಟಕ್ಕೆ ಹೋಗುವ ಮಾರ್ಗದ ಮಗ್ಗುಲಲ್ಲಿ ಬಿಳೇಕಹಳ್ಳಿಯೆಂಬ ಸ್ಥಳವುಂಟು. ಹಳ್ಳಿಯು ಹೆಸರಿನಲ್ಲಿ ಮಾತ್ರ ಉಳಿದು, ಸುತ್ತಲೂ ನಗರವು ವ್ಯಾಪಿಸಿದೆ. 1973ರಲ್ಲಿ ಆರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ವಿದ್ಯಾಸಂಸ್ಥೆಯು ಇಲ್ಲಿಯೇ ಇರುವುದು. ಬಾಲಕೃಷ್ಣ ದೋಶಿಯವರು ಯೋಜಿಸಿದ ಅದರ ಕಲ್ಲಿನ ಗೋಡೆಗಳೂ ನೀಳವಾದ ಮೊಗಸಾಲೆಗಳೂ ನೋಡತಕ್ಕವು. ಫ್ರಾನ್ಸ್ ಮೊದಲಾದ ದೇಶಗಳ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಹೋಗುವರು.

ಇಲ್ಲಿಂದ ಆ ದೇಶಗಳಿಗೆ ಹೊರಡುವವರೂ ಉಂಟು. ನಮ್ಮ ಬೀದಿಯ ಹುಡುಗಿಯೊಬ್ಬಳು ಫ್ರಾನ್ಸಿನ ಯಂತ್ರಶಾಲೆಯೊಂದಕ್ಕೆ ಕೆಲಸಕ್ಕೆ ಹೋಗುವವಳಾಗಿ, ಆ ಭಾಷೆಯನ್ನು ಕಲಿಯುತ್ತಿದ್ದಳು. "ಮೇಷ್ಟ್ರೇ, ಇದೊಂದು ವಾಕ್ಯ ನೋಡಿ" ಎಂದು ತನ್ನ ಪುಸ್ತಕವನ್ನು ನಮ್ಮ ಮುಂದಿಟ್ಟಳು. "ಇಲ್ ಫೋ" ಎಂದರೆ "ಬೇಕು". ನಮ್ಮ "ಬೇಕು" ಎಂಬಂತೆಯೇ ಅದಕ್ಕೂ ಪುರುಷಭೇದವಿಲ್ಲ. "ಇಲ್ ಮ ಫೋ" ಎಂದರೆ "ನನಗೆ ಬೇಕು" ಎಂದೇ ಅರ್ಥ. ಆದರೆ "ಇಲ್ ನ ಫೋ ಪಾ" ಎಂಬುದನ್ನು ಅವಳು "ಬೇಕಾಗಿಲ್ಲ" ಎಂದು ಬರೆದಿದ್ದಳು. ಅವಳ ಅಧ್ಯಾಪಕರು ಅದನ್ನು ಕೆಂಪು ಮಸಿಯಲ್ಲಿ ಹೊಡೆದು, "ಕೂಡದು" ಎಂದು ತಿದ್ದಿದ್ದರು. "ಮುಟ್ಟಬೇಕಾಗಿಲ್ಲ" ಎಂದು ತಿಳಿದವಳು ತಿರುಗುತ್ತಿರುವ ಚಕ್ರವನ್ನು ಮುಟ್ಟಿದರೂ ಮುಟ್ಟಿಯಾಳು; "ಮುಟ್ಟಕೂಡದು" ಎಂದು ತಿಳಿದವಳ ಕೈ ಉಳಿಯುವುದು. "ಬೇಕಾಗಿಲ್ಲ" ಎಂಬುದಕ್ಕೆ ಅವರಲ್ಲಿ "ವೂ ನೆತ್ ಪಾ ಒಬ್ಲಿಜೆ" ಎಂಬ ಮಾತು ಬೇರೆಯೇ ಉಂಟು.

"ದವ್ವಾರ್" ಎಂಬ ಇನ್ನೊಂದು ಶಬ್ದವೂ ವಿಚಾರಾರ್ಹವಾದುದು. ಕ್ರಿಯಾಪದವಾದಾಗ ಅದಕ್ಕೆ "ಮಾಡಲೇಬೇಕು" ಎಂತಲೂ "ಸಾಲವಿದೆ" ಎಂತಲೂ ಅರ್ಥ; ನಾಮಪದವಾದಾಗ ಕರ್ತವ್ಯ. ಶಾಲೆಯ ಮಕ್ಕಳು ಮನೆಯಲ್ಲಿ ಮಾಡತಕ್ಕ ಪಾಠಕ್ಕೂ ಅದೇ ಹೆಸರು. ಕರ್ತವ್ಯವನ್ನು ಋಣವೆಂದೆಣಿಸಿದ ನಮ್ಮ ಹಿರಿಯರಿಗೆ ಇದು ಅಪರಿಚಿತವಾದ ಭಾವವಲ್ಲ. ಸಂಸ್ಕೃತದಲ್ಲಿ "ತವ್ಯ" ಪ್ರತ್ಯಯವು ವಿಧಿಯನ್ನೂ "ಮಾ" ಎಂಬ ಅವ್ಯಯವು ನಿಷೇಧವನ್ನೂ ತಿಳಿಸುವುವು.

ನಿಷೇಧದಲ್ಲಿಯೂ ತಾರತಮ್ಯವಿದೆ. ಫ್ರೆಂಚರ ಫಲಕಗಳಲ್ಲಿ "ದೆಫಾಂಸ್ ದ ಫ್ಯುಮೆ" ಎಂದರೆ ಧೂಮಪಾನ ನಿಷಿದ್ಧ. "ಪ್ರಿಯೇರ್ ದ ನ ಪಾ ಫ್ಯುಮೆ" ಎಂದರೆ ಸೇದಬಾರದೆಂದು ಪ್ರಾರ್ಥನೆ. ಆದರೆ 2007ರ ಫೆಬ್ರುವರಿಯಿಂದ ಅಲ್ಲಿನ ಕಾರ್ಯಾಲಯಗಳೊಳಗೆ ಅದು ಕಾನೂನಿನಿಂದಲೇ ನಿಷಿದ್ಧವಾಗಿದೆ. ನಮ್ಮ ದೇಶದ ಸಾರ್ವಜನಿಕ ಸ್ಥಳಗಳಿಗೆ ಅಂತಹ ನಿಯಮವು 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಆದಕಾರಣ ಫಲಕದ ಮಾತು ವಿನಯದ್ದಾದರೂ ಆಜ್ಞೆಯು ಆಜ್ಞೆಯೇ.

ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಗೃಹಸ್ಥರು ಉಪ್ಪಿನಕಾಯಿಯ ಭರಣಿಯೊಡನೆ ಈ ಬುದ್ಧಿಮಾತನ್ನೂ ಕಟ್ಟಿಕೊಡುವುದು ಒಳ್ಳೆಯದು: "ಬೇಕು" ಎಂಬುದನ್ನು ಅರ್ಧ ತಿಳಿದರೆ ಕೆಲಸ ಕೆಟ್ಟೀತು, "ಕೂಡದು" ಎಂಬುದನ್ನು ಅರ್ಧ ತಿಳಿದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಸಂಶಯ ಬಂದಲ್ಲಿ ಎರಡನೆಯ ಸಲ ಕೇಳುವುದು ಯಾವ ದೇಶದಲ್ಲಿಯೂ ನಿಷಿದ್ಧವಲ್ಲ.