ಕಾಣದ ಬೆನ್ನೆಲುಬು

ರೈತನು ದೇಶದ ಬೆನ್ನೆಲುಬು ಎಂಬ ಮಾತನ್ನು ಕೇಳದವರಿಲ್ಲ. ಧೈರ್ಯಗೆಟ್ಟವನನ್ನು ಬೆನ್ನೆಲುಬಿಲ್ಲದವನೆಂದು ಹಳಿಯುವುದೂ ಉಂಟು. ಮನುಷ್ಯನ ದರ್ಪವಾಗಲಿ ದೈನ್ಯವಾಗಲಿ ಅವನ ಬೆನ್ನಿನಲ್ಲಿ ತೋರದೆ ಇರದು. ಮುಖವನ್ನು ಮರೆಸಿಕೊಂಡವನ ದುಃಖವನ್ನೂ ಬಾಗಿದ ಬೆನ್ನು ಹೇಳಿಬಿಡುತ್ತದೆ. ಚಿತ್ರಗಳಿಗೆ ಚಲನೆಯನ್ನು ಕೊಡುವ ಕಲಾವಿದರು ಈ ಸತ್ಯವನ್ನು ಬಹುಕಾಲದಿಂದ ಬಲ್ಲರು.

1937ರಲ್ಲಿ ವಾಲ್ಟ್ ಡಿಸ್ನಿಯ 'ಸ್ನೋ ವೈಟ್' ಚಿತ್ರ ಹೊರಬಂದಾಗ ಪಾತ್ರಗಳ ಒಂದೊಂದು ಭಂಗಿಯನ್ನೂ ಕೈಯಿಂದಲೇ ಬರೆಯಬೇಕಾಗಿತ್ತು. ಆಗ ಬೆನ್ನೆಲುಬು ಇದ್ದುದು ಕಲಾವಿದನ ಮನಸ್ಸಿನಲ್ಲಿ. ಪ್ರತಿ ಹಾಳೆಯಲ್ಲಿಯೂ ಅವನು ಅದನ್ನು ಹೊಸದಾಗಿ ಬಾಗಿಸುತ್ತಿದ್ದನು. 1995ರಲ್ಲಿ 'ಟಾಯ್ ಸ್ಟೋರಿ' ತೆರೆಕಂಡಿತು. ಆದಿಯಿಂದ ಅಂತ್ಯದವರೆಗೆ ಕಂಪ್ಯೂಟರಿನಲ್ಲಿಯೇ ರೂಪುಗೊಂಡ ಮೊದಲ ಪೂರ್ಣಾವಧಿಯ ಕಥಾಚಿತ್ರ ಅದು. ಇಂಥ ಚಿತ್ರಗಳಲ್ಲಿ ಪಾತ್ರದ ಆಕಾರವನ್ನು ಒಮ್ಮೆ ನಿರ್ಮಿಸಿಕೊಳ್ಳುತ್ತಾರೆ. ಆದರೆ ಅದು ಬರಿಯ ಟೊಳ್ಳು ತೊಗಲು. ಅದರೊಳಗೆ ಎಲುಬುಗಳನ್ನು ಜೋಡಿಸಿ, ಅವುಗಳನ್ನು ಆಡಿಸಲು ಹಿಡಿಗಳನ್ನು ಅಳವಡಿಸುವ ಕೆಲಸಕ್ಕೆ 'ರಿಗ್ಗಿಂಗ್' ಎಂದು ಹೆಸರು. ಹಡಗಿಗೆ ಹಾಯಿಹಗ್ಗಗಳನ್ನು ಕಟ್ಟಿ ಅಣಿಗೊಳಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು.

ಮನುಷ್ಯನ ಕತ್ತಿನಲ್ಲಿ 7, ಎದೆಯ ಹಿಂಬದಿಯಲ್ಲಿ 12, ಸೊಂಟದಲ್ಲಿ 5, ಹೀಗೆ ಒಟ್ಟು 24 ಬಿಡಿ ಕಶೇರುಗಳಿವೆ. ರಿಗ್ ಕಟ್ಟುವವನು ಇವೆಲ್ಲವನ್ನೂ ಬೊಂಬೆಯೊಳಗೆ ಇಡಬೇಕಾಗಿಲ್ಲ. ಸೊಂಟದಿಂದ ಎದೆಯವರೆಗೆ ಮೂರು, ನಾಲ್ಕು ಅಥವಾ ಐದು ಕೀಲುಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಹಿಡಿಗಳು ಹೆಚ್ಚಿದಷ್ಟೂ ಬೊಂಬೆಯನ್ನು ಆಡಿಸುವವನ ಗಮನ ಎಣಿಕೆಯಲ್ಲಿ ಕಳೆದುಹೋಗುತ್ತದೆ. ಆದರೆ ಕೆಲವನ್ನು ಬಿಡಬೇಕಾದರೂ ಎಲ್ಲವನ್ನೂ ಅರಿತಿರಬೇಕು. ಎದೆಯ ಕಶೇರುಗಳು ಪಕ್ಕೆಲುಬುಗಳಿಗೆ ಕಟ್ಟುಬಿದ್ದಿರುವುದರಿಂದ ಹೆಚ್ಚು ಬಾಗಲಾರವು. ಸೊಂಟದ ಕಶೇರುಗಳು ಹಿಂದೆ ಮುಂದೆ ಚೆನ್ನಾಗಿ ಬಾಗುತ್ತವೆ, ಆದರೆ ಪಕ್ಕಕ್ಕೆ ತಿರುಗುವುದು ತೀರ ಕಡಿಮೆ. ಈ ಭೇದವನ್ನು ಮರೆತು ಎಲ್ಲ ಕೀಲುಗಳನ್ನೂ ಸಮನಾಗಿ ಬಾಗಿಸಿದರೆ ಮನುಷ್ಯನು ರಬ್ಬರಿನ ಕೊಳವೆಯಾಗುತ್ತಾನೆ.

ಬೆನ್ನೆಲುಬನ್ನು ಆಡಿಸುವುದಕ್ಕೆ ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಕೆಳಗಿನ ಎಲುಬನ್ನು ತಿರುಗಿಸಿದರೆ ಮೇಲಿನವೆಲ್ಲ ಅದರೊಡನೆ ಸಾಗುತ್ತವೆ, ಕೊಂಬೆ ಬಾಗಿದಾಗ ರೆಂಬೆಗಳೂ ಬಾಗುವಂತೆ. ಎರಡನೆಯದರಲ್ಲಿ ಸೊಂಟದಿಂದ ಎದೆಗೆ ಒಂದು ವಕ್ರರೇಖೆಯನ್ನು ಎಳೆದು ಎಲುಬುಗಳನ್ನು ಅದರ ಮೇಲೆ ಕೂರಿಸುತ್ತಾರೆ. ಎರಡು ತುದಿಗಳನ್ನು ಸರಿಸಿದರೆ ನಡುವಿನದು ತಾನಾಗಿ ಹೊಂದಿಕೊಳ್ಳುತ್ತದೆ. ನಡೆಯುವಾಗ ಸೊಂಟ ಒಂದು ಕಡೆಗೂ ಹೆಗಲು ಇನ್ನೊಂದು ಕಡೆಗೂ ತಿರುಗುವುದಷ್ಟೆ. ಆ ತಿರುಚನ್ನು ಒಂದೇ ಕೀಲಿನ ಮೇಲೆ ಹೊರಿಸಿದರೆ ನಡು ಹಿಂಡಿದ ಬಟ್ಟೆಯಂತೆ ಕಾಣುವುದು. ಆದುದರಿಂದ ಅದನ್ನು ಕೀಲುಗಳಿಗೆಲ್ಲ ಹಂಚಬೇಕು.

ಹಂಚಿಕೆಯ ನಿಯಮ ತೊಗಲಿಗೂ ಉಂಟು. ತೊಗಲಿನ ಮೇಲಿನ ಪ್ರತಿಯೊಂದು ಬಿಂದುವೂ ಯಾವ ಎಲುಬನ್ನು ಎಷ್ಟು ಪಾಲು ಅನುಸರಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಎರಡು ಎಲುಬುಗಳ ನಡುವಿನ ಬಿಂದು ಅರ್ಧ ಅದನ್ನೂ ಅರ್ಧ ಇದನ್ನೂ ಅನುಸರಿಸೀತು. ಈ ಪಾಲು ತಪ್ಪಿದರೆ ಬಾಗಿದೊಡನೆ ಹೊಟ್ಟೆ ಕುಸಿಯುತ್ತದೆ, ಬೆನ್ನು ಮುರಿದಂತೆ ಮೂಲೆಯಾಗುತ್ತದೆ. ನೆಟ್ಟಗೆ ನಿಂತಿರುವ ಬೊಂಬೆಯಲ್ಲಿ ಈ ದೋಷ ಕಾಣುವುದಿಲ್ಲ. ಬಾಗುವ ಹೊತ್ತು ಬಂದಾಗಲೇ ಬಯಲಾಗುತ್ತದೆ.

ಮಗನನ್ನು ಕಳುಹಿಸಿಕೊಟ್ಟ ಮುದುಕನೊಬ್ಬನು ಬಾಗಿಲಲ್ಲಿ ಕುಸಿದು ಕುಳಿತನೆಂದು ಭಾವಿಸೋಣ. ಅವನ ನಡು ಬಾಗಬೇಕಾದಲ್ಲಿ ಬಾಗದೆ, ಬಾಗಬಾರದಲ್ಲಿ ಬಳುಕಿದರೆ ಪ್ರೇಕ್ಷಕರು ನಕ್ಕುಬಿಡುತ್ತಾರೆ, ಶೋಕವು ನಗೆಪಾಟಲಾಗುತ್ತದೆ. ಎಲ್ಲವೂ ಸರಿಯಾಗಿದ್ದರೆ ಅವರ ಕಣ್ಣು ಒದ್ದೆಯಾಗುತ್ತದೆ, ಒಳಗಿನ ಎಲುಬುಗಳನ್ನು ಯಾರೂ ನೆನೆಯುವುದಿಲ್ಲ. ಅವನ್ನು ಜೋಡಿಸಿದವನ ಹೆಸರು ಚಿತ್ರ ಮುಗಿದು ಜನ ಎದ್ದುಹೋಗುವ ಹೊತ್ತಿಗೆ ತೆರೆಯ ಮೇಲೆ ಸರಿದುಹೋಗುತ್ತದೆ. ತನ್ನ ಕೆಲಸ ಕಾಣದಂತೆ ಇರುವುದೇ ಅದು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯೆಂದು ಅವನು ಬಲ್ಲನು. ಜಗತ್ತಿನ ಎಷ್ಟೋ ಹಿರಿಯ ಕೆಲಸಗಳು ಈ ಬಗೆಯವು.