ಪಕ್ಕದ ಮನೆಯ ನೆಟ್ಟು

ನಮ್ಮ ವೈಫೈ ನಮಗಿಂತ ಪಕ್ಕದ ಮನೆಯವರಿಗೇ ಚೆನ್ನಾಗಿ ಸಿಗುತ್ತದೆ. ಕನೆಕ್ಷನ್ ಕೊಡಲು ಬಂದ ಹುಡುಗ, ಕಂಬದಿಂದ ಕೇಬಲ್ ಎಳೆಯಲು ಸುಲಭವಾಗಲೆಂದು ರೂಟರನ್ನು ಅವರ ಕಡೆಯ ಗೋಡೆಗೇ ಮೊಳೆ ಹೊಡೆದು ನೇತುಹಾಕಿ ಹೋದ. ಅಲ್ಲಿಂದ ನಮ್ಮ ಮಲಗುವ ಕೋಣೆಗೆ ಬರಬೇಕೆಂದರೆ ಎರಡು ಗೋಡೆ, ಒಂದು ಕಬ್ಬಿಣದ ಬೀರು ಅಡ್ಡ. ಅವರ ಅಡುಗೆಮನೆಗೆ ಒಂದೇ ಗೋಡೆ. ಮೈಸೂರಿನ ಈ ಹಳೆಯ ಬೀದಿಯಲ್ಲಿ ಯಾರ ಒಗ್ಗರಣೆ ಯಾರ ಮೂಗಿಗೆ ಎಂಬ ಲೆಕ್ಕ ಮೊದಲಿನಿಂದಲೂ ಇಲ್ಲ, ಬಿಡಿ.

2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂತಲ್ಲ, ಆಗ ಪಕ್ಕದ ಮನೆಯಾಕೆ ಮಾಸ್ಕ್ ಹಾಕಿಕೊಂಡು ಗೇಟಿನಾಚೆಯೇ ನಿಂತು, "ತಪ್ಪು ತಿಳ್ಕೋಬೇಡಿ ಅಕ್ಕಾ, ಮಧ್ಯಾಹ್ನದ ಹೊತ್ತಿಗೇ ಮಗನ ಡೇಟಾ ಖಾಲಿಯಾಗ್ಬಿಡುತ್ತೆ..." ಎಂದು ರಾಗ ಎಳೆದರು. ನನ್ನ ಹೆಂಡತಿ ಹೆಪ್ಪಿಗೆ ಮೊಸರು ಕೊಟ್ಟಷ್ಟು ಸಲೀಸಾಗಿ ಕ್ಯಾಲೆಂಡರ್ ಹಾಳೆಯ ಹಿಂದೆ ಪಾಸ್‌ವರ್ಡ್ ಬರೆದುಕೊಟ್ಟಳು.

ಆ ರಾಗದ ಹಿಂದಿನ ಸಂಕೋಚ ನನಗೆ ಗೊತ್ತು. 1980ರ ದಶಕದಲ್ಲಿ ಫೋನಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮ ಬೀದಿಯಲ್ಲಿ ಫೋನಿದ್ದದ್ದು ವಕೀಲರ ಮನೆಯಲ್ಲಿ ಮಾತ್ರ. ಅಪ್ಪ ಅವರ ನಂಬರಿನ ಪಕ್ಕ ‘ಪಿ.ಪಿ.’ (ಫೋನು ಬೇರೆಯವರದು, ನಮ್ಮನ್ನು ಕರೆಸಿ) ಎಂದು ಸೇರಿಸಿ ನೆಂಟರಿಗೆಲ್ಲ ಹಂಚಿದ್ದರು. ಫೋನು ಬಂದರೆ ವಕೀಲರ ಮಗ ಕಾಂಪೌಂಡಿನಿಂದಲೇ "ಮಾಮೀ, ಫೋನು!" ಎಂದು ಕೂಗುತ್ತಿದ್ದ. ಅಮ್ಮ ಕೈಯೊರೆಸಿಕೊಂಡು ಓಡಬೇಕು. ಅವರ ಹಜಾರದಲ್ಲಿ ನಿಂತು ಎಲ್ಲರೆದುರು ಮಾತಾಡಬೇಕು. ಅಕ್ಕನಿಗೆ ನೋಡಿದ್ದ ಗಂಡು ತಪ್ಪಿಹೋದ ಸುದ್ದಿ ಅಕ್ಕನಿಗಿಂತ ಮೊದಲು ವಕೀಲರ ಹೆಂಡತಿಗೆ ಗೊತ್ತಾಯಿತು. ಅವರೇ ಆಮೇಲೆ ಬೇರೆ ಜಾತಕ ತಂದುಕೊಟ್ಟರು ಎನ್ನುವುದೂ ನಿಜ. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾದ ಮೇಲಂತೂ ಭಾನುವಾರ ಬೆಳಿಗ್ಗೆ ಅವರ ಜಗುಲಿಯಲ್ಲಿ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ.

ತಂತಿಯಿಲ್ಲದೆ ಕಂಪ್ಯೂಟರುಗಳನ್ನು ಬೆಸೆಯುವ ವಿದ್ಯೆಗೂ ನೆರೆಹೊರೆಯ ತೊಡಕೇ ಮೂಲ, ಆದರೆ ಅಲ್ಲಿ ನಡುವೆ ಇದ್ದದ್ದು ಸಮುದ್ರ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಬೇರೆ ಬೇರೆ ದ್ವೀಪಗಳ ಬಳಕೆದಾರರನ್ನು ರೇಡಿಯೊ ಮೂಲಕ ಒಂದೇ ಕಂಪ್ಯೂಟರಿಗೆ ಜೋಡಿಸಿದರು. ಅಲೋಹಾನೆಟ್ ಎಂದು ಅದರ ಹೆಸರು. ಎಲ್ಲರಿಗೂ ಒಂದೇ ತರಂಗ; ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಸುಮ್ಮನಾಗಿ, ತಮಗೆ ತೋಚಿದಷ್ಟು ಹೊತ್ತು ಬಿಟ್ಟು ಮತ್ತೆ ಕಳಿಸಬೇಕು. ಈಗಿನ ವೈಫೈ ಇನ್ನಷ್ಟು ಮರ್ಯಾದಸ್ಥ: ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಎಂದು ಮೊದಲು ಕಿವಿಗೊಟ್ಟು ಆಮೇಲೆ ಬಾಯಿ ತೆರೆಯುತ್ತದೆ. ಸಂಜೆ ಅವರ ಮನೆಯಲ್ಲಿ ಕ್ರಿಕೆಟ್, ನಮ್ಮಲ್ಲಿ ಸಿನಿಮಾ ಓಡುವಾಗ ಪರದೆಯ ಮೇಲೆ ಚಕ್ರ ತಿರುಗುವುದಕ್ಕೆ ಈ ಸರದಿಯೂ ಒಂದು ಕಾರಣ. ಹೆಪ್ಪು ಕೊಟ್ಟರೆ ನಮ್ಮ ಮೊಸರು ಕಡಿಮೆಯಾಗದು, ಇದು ಹಾಗಲ್ಲ.

ಮೈಕ್ರೋವೇವ್ ಒಲೆಗಳಂಥ ಉಪಕರಣಗಳಿಗೆಂದು ಇಟ್ಟಿದ್ದ 2.4 ಗಿಗಾಹರ್ಟ್ಸ್‌ನಂಥ ತರಂಗಗಳನ್ನು ಅಮೆರಿಕ 1985ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಅಂಗಡಿಗಳ ಗಲ್ಲಾ ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸಲು ಹೊರಟ ಎನ್‌ಸಿಆರ್ ಕಂಪನಿಯ ಎಂಜಿನಿಯರ್ ವಿಕ್ ಹೇಸ್ ಮುಂದಾಳತ್ವದಲ್ಲಿ 1997ರಲ್ಲಿ ವೈಫೈಯ ಮೊದಲ ಮಾನಕ ಸಿದ್ಧವಾಯಿತು. ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿಸಿಕೊಂಡ ದೇಶ ನಮ್ಮದು, 2.4 ಗಿಗಾಹರ್ಟ್ಸ್ ಇಲ್ಲಿ ಒಳಗೂ ಹೊರಗೂ ಪೂರ್ತಿ ಮುಕ್ತವಾದದ್ದು 2005ರ ಜನವರಿಯಲ್ಲಿ.

ಆ ಮುಕ್ತತೆಯ ಜೊತೆ ಭಯವೂ ಸೇರಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. 2008ರ ಅಹಮದಾಬಾದ್ ಸ್ಫೋಟದ ಹೊತ್ತಿನಲ್ಲಿ ಉಗ್ರರ ಇಮೇಲ್ ಹೋದದ್ದು ನವಿ ಮುಂಬೈಯಲ್ಲಿ ಬೀಗ ಹಾಕದ ಯಾರದೋ ವೈಫೈಯಿಂದ. ಪೊಲೀಸರು ಮೊದಲು ಹೋಗಿ ನಿಂತದ್ದು ಆ ಮನೆಯ ಬಾಗಿಲಿಗೆ. ನಮ್ಮ ಭಾವ ಈ ಕಥೆಯನ್ನು ಹಬ್ಬಕ್ಕೆ ಬಂದಾಗಲೆಲ್ಲ ಹೇಳಿ, "ಕನೆಕ್ಷನ್ ನಿನ್ನ ಹೆಸರಲ್ಲಿದೆ, ನೆನಪಿರಲಿ" ಎಂದು ಬೆರಳು ತೋರಿಸುತ್ತಾರೆ. ಅವರು ಹೇಳುವುದು ಸರಿ. ಪಕ್ಕದಾಕೆ ಬಿಲ್ಲಿನಲ್ಲಿ ಅರ್ಧ ಕೊಡುತ್ತೇನೆಂದಾಗ ನಾವು ಒಲ್ಲೆ ಎಂದದ್ದೂ ಸರಿಯೇ: ದುಡ್ಡು ತೆಗೆದುಕೊಂಡರೆ ಅದು ಮರುಮಾರಾಟವಾಗುತ್ತದೆ. ಅವರು ಮಿಡಿ ಉಪ್ಪಿನಕಾಯಿ ಕಳಿಸಿದರು, ಅದನ್ನು ಬೇಡವೆನ್ನಲಿಲ್ಲ.

ನನ್ನ ತಕರಾರು ಬೇರೆ. ಪಿ.ಪಿ. ಫೋನಿಗೆ ಅಮ್ಮ ದಿನವೂ ಆ ಮನೆಯ ಹೊಸ್ತಿಲು ದಾಟಬೇಕಿತ್ತು. ವೈಫೈಯಲ್ಲಿ ಒಮ್ಮೆ ಕೇಳಿದರೆ ಮುಗಿಯಿತು, ಆಮೇಲೆ ಗೋಡೆಯೇ ಕೊಡುತ್ತಿರುತ್ತದೆ. ತಿಂಗಳುಗಟ್ಟಲೆ ಪಕ್ಕದವರ ಮುಖ ಕಾಣುವುದಿಲ್ಲ. ರೂಟರಿನ ಕೆಂಪು ದೀಪ ಹತ್ತಿದಾಗ ಮಾತ್ರ ಅವರ ಮಗ, "ಅಂಕಲ್, ನೆಟ್ ಹೋಯ್ತು!" ಎಂದು ಕಾಂಪೌಂಡಿನಿಂದ ಕೂಗುತ್ತಾನೆ. ನಮಗೆ ವಿಷಯ ತಿಳಿಯುವುದೇ ಅವನಿಂದ.

ನೀವೂ ಕೊಡುವವರಾದರೆ ಕೊಡಿ. ಈಗಿನ ಬಹುತೇಕ ರೂಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂದಿರುತ್ತದೆ. ಅದನ್ನು ತೆರೆದು ಅದರ ಪಾಸ್‌ವರ್ಡನ್ನೇ ಕೊಡಿ, ನಿಮ್ಮ ಕಂಪ್ಯೂಟರು, ಪ್ರಿಂಟರು ಬೇರೆಯಾಗಿ ಉಳಿಯುತ್ತವೆ. ಆ ಪಾಸ್‌ವರ್ಡನ್ನು ಆಗಾಗ ಬದಲಾಯಿಸುತ್ತಲೂ ಇರಿ. ಹೊಸ ಪಾಸ್‌ವರ್ಡನ್ನು ಮಾತ್ರ ವಾಟ್ಸಾಪಿನಲ್ಲಿ ಕಳಿಸಬೇಡಿ. ಮನೆಗೇ ಬಂದು ಬರೆದುಕೊಳ್ಳಲಿ, ಕಾಫಿ ಕೊಟ್ಟು ಕಳಿಸಿ.